1089 ಎಲ್ಲಿಂದ ಬಂತು?

ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನಾನು ಶನಿವಾರದ ಕೊನೆಯ ಪಿರಿಯಡ್ಡನ್ನು ಲೆಕ್ಕದ ಒಗಟುಗಳಿಗೆಂದೇ ಇಟ್ಟುಕೊಂಡಿದ್ದೇನೆ. ಪಾಠ ಮುಗಿಸುವ ಒತ್ತಡ ಯಾವಾಗಲೂ ಇರುತ್ತದೆ. ಆದರೂ ಆ ಅವಧಿಯನ್ನು ಬಿಟ್ಟುಕೊಡಲು ಮನಸ್ಸು ಬಾರದು. ಲೆಕ್ಕವೆಂದರೆ ಹಿಂದಿನ ಬೆಂಚಿಗೆ ಸರಿಯುವ ಮಕ್ಕಳು ತಾವಾಗಿ ಕೈಯೆತ್ತಿ "ಅದು ಹೇಗೆ ಸರ್?" ಎಂದು ಕೇಳುವುದು ಹೆಚ್ಚಾಗಿ ಆ ದಿನವೇ. ಒಗಟು ಹೇಳುವವರಿಗೆ ಉಪಯೋಗವಾಗಲಿ ಎಂದು ನನ್ನ ಅನುಭವಕ್ಕೆ ಬಂದದ್ದನ್ನು ಬರೆಯುತ್ತಿದ್ದೇನೆ.

1. ಗೋಡೆಯ ಮೇಲಿರುವುದರಿಂದಲೇ ಶುರು ಮಾಡಿ

ಕ್ಯಾಲೆಂಡರಿನ ಯಾವುದೇ ತಿಂಗಳಲ್ಲಿ ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಹೀಗೆ ಒಂಬತ್ತು ದಿನಾಂಕಗಳ ಚೌಕ ಗುರುತಿಸಲು ಹೇಳಿ. ಅದರಲ್ಲಿ ಅತಿ ಚಿಕ್ಕ ದಿನಾಂಕ ಯಾವುದೆಂದು ಮಾತ್ರ ನಿಮಗೆ ತಿಳಿಸಲಿ. 6 ಎಂದರೆ ಅದಕ್ಕೆ 8 ಕೂಡಿಸಿ 14 ಮಾಡಿ, 9ರಿಂದ ಗುಣಿಸಿ 126 ಎನ್ನಿ. ಒಂಬತ್ತೂ ದಿನಾಂಕ ಕೂಡಿದರೂ ಅಷ್ಟೇ ಬರುತ್ತದೆ. ನಡುವಿನ ದಿನಾಂಕದ ಎದುರುಬದುರು ಇರುವ ಯಾವ ಜೋಡಿಯನ್ನು ಕೂಡಿದರೂ ಅದರ ಎರಡರಷ್ಟು ಬರುವುದನ್ನು ಮಕ್ಕಳೇ ಕಂಡುಹಿಡಿಯುತ್ತಾರೆ. ಸರಾಸರಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಸಿಕ್ಕಿಲ್ಲ.

2. ಒಗಟು ಕೈಕೊಟ್ಟ ಕಡೆ ನಿಂತು ನೋಡಿ

ಹಳೆಯ ಒಗಟು ಇದು. ಮೂರಂಕಿಯ ಒಂದು ಸಂಖ್ಯೆ ಬರೆಯಿರಿ, ಮೊದಲ ಅಂಕಿ ಕೊನೆಯದಕ್ಕಿಂತ ದೊಡ್ಡದಿರಲಿ. ಅದನ್ನು ತಿರುವಿ ಬರೆದು ಕಳೆಯಿರಿ. ಬಂದ ಉತ್ತರವನ್ನು ಮತ್ತೆ ತಿರುವಿ ಕೂಡಿಸಿ. ಉದಾಹರಣೆಗೆ 752ರಿಂದ 257 ಕಳೆದರೆ 495. ಅದಕ್ಕೆ 594 ಕೂಡಿಸಿದರೆ 1089. ಇಡೀ ತರಗತಿ 1089 ಎಂದು ಕೂಗಿತು. ಒಬ್ಬಳು ಹುಡುಗಿ ಮಾತ್ರ ಸ್ಲೇಟಿನಂತೆ ಪುಸ್ತಕವನ್ನು ಎತ್ತಿ ಹಿಡಿದು, "ಸರ್, ನಂದು 198 ಬಂತು" ಎಂದಳು.

ಅವಳು ತೆಗೆದುಕೊಂಡಿದ್ದು 433. 334 ಕಳೆದರೆ 99. ತಿರುವಿದರೂ 99. ಕೂಡಿದರೆ 198. ಕಳೆಯುವಲ್ಲಿ, ಕೂಡುವಲ್ಲಿ ಎಲ್ಲೂ ತಪ್ಪಿರಲಿಲ್ಲ. ಪಕ್ಕದವನು "ಬೇರೆ ಸಂಖ್ಯೆ ತಗೋ" ಎಂದ. ನಾನು ಬೇಡ ಎಂದೆ. ಅವಳ ಲೆಕ್ಕವನ್ನೇ ಬೋರ್ಡಿನ ಮೇಲೆ ಬರೆಸಿ, ಉಳಿದವರಿಗಿಂತ ಇದು ಎಲ್ಲಿ ಬೇರೆಯಾಯಿತು ಎಂದು ಕೇಳಿದೆ. ಸ್ವಲ್ಪ ಹೊತ್ತಾದ ಮೇಲೆ ಒಬ್ಬ, "ಎಲ್ಲರದೂ ಮೂರಂಕಿ, ಇವಳದು ಎರಡೇ ಅಂಕಿ" ಎಂದ. ಅವಳು ಎದ್ದು ಹೋಗಿ 99ರ ಹಿಂದೆ ಒಂದು ಸೊನ್ನೆ ಹಾಕಿದಳು. 099 ತಿರುವಿದರೆ 990. ಕೂಡಿದರೆ 1089. ಹಿಂದೆ ಹಾಕಿದ ಸೊನ್ನೆಗೆ ಬೆಲೆಯಿಲ್ಲ ಎಂದು ಕಲಿತ ಮಕ್ಕಳು, ಸಂಖ್ಯೆಯನ್ನು ತಿರುವಿದಾಗ ಅದೇ ಸೊನ್ನೆ ಬಿಡಿಸ್ಥಾನಕ್ಕೆ ಬಂದು ಉತ್ತರವನ್ನೇ ಬದಲಿಸುವುದನ್ನು ಕಣ್ಣಾರೆ ಕಂಡರು. ಸ್ಥಾನಬೆಲೆಯನ್ನು ಅಷ್ಟು ಚೆನ್ನಾಗಿ ಹೇಳಿಕೊಡಲು ನನ್ನ ಪಾಠದಿಂದ ಆಗುತ್ತಿರಲಿಲ್ಲ.

ಇನ್ನು ಕಾರಣ. ಇದಕ್ಕೆ ಬೀಜಗಣಿತವೇ ಬೇಕೆಂದಿಲ್ಲ, 99ರ ಮಗ್ಗಿ ಸಾಕು. ಮೊದಲ ಕಳೆಯುವಿಕೆಯಲ್ಲಿ ಬರುವುದು ಯಾವಾಗಲೂ ಅದರಲ್ಲಿನ ಒಂದು ಸಂಖ್ಯೆಯೇ: 099, 198, 297, 396... ಕೊನೆಗೆ 891. ಪ್ರತಿಯೊಂದರ ನಡುವೆ 9 ಇದೆ, ಮೊದಲ ಮತ್ತು ಕೊನೆಯ ಅಂಕಿ ಕೂಡಿದರೂ 9. ತಿರುವಿ ಕೂಡಿದಾಗ ಬಿಡಿಯಲ್ಲಿ 9, ಹತ್ತರಲ್ಲಿ 18, ನೂರರಲ್ಲಿ 9. ಮೊತ್ತ 1089.

3. ತಾಳೆ ನೋಡುವ ಉಪಾಯದ ಮಿತಿಯನ್ನೂ ಹೇಳಿ

47ನ್ನು 68ರಿಂದ ಗುಣಿಸಿದರೆ 3196. ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡುತ್ತಾ ಹೋದರೆ 47ಕ್ಕೆ 2, 68ಕ್ಕೆ 5. ಅವುಗಳ ಗುಣಲಬ್ಧ 10, ಅಂದರೆ 1. ಉತ್ತರದ ಅಂಕಿಗಳನ್ನು ಕೂಡಿದರೂ 1. ತಾಳೆಯಾಯಿತು. ಆದರೆ ಅವಸರದಲ್ಲಿ 3169 ಎಂದು ಬರೆದ ಮಗುವಿಗೂ ತಾಳೆಯಾಗುತ್ತದೆ. ತಾಳೆಯಾಗದಿದ್ದರೆ ಲೆಕ್ಕ ತಪ್ಪಿದ್ದು ಖಂಡಿತ. ತಾಳೆಯಾದ ಮಾತ್ರಕ್ಕೆ ಸರಿ ಎನ್ನುವಂತಿಲ್ಲ. ಈ ಎರಡು ಮಾತಿನ ನಡುವಿನ ವ್ಯತ್ಯಾಸ ತಿಳಿಯದೆ ಹತ್ತನೇ ತರಗತಿಯ ಪ್ರಮೇಯಗಳು ಅರ್ಥವಾಗುವುದಿಲ್ಲ.

4. ಗಡಿಯಾರವನ್ನು ಪಕ್ಕಕ್ಕಿಡಿ

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಮಕ್ಕಳಿಗೆ ಅದನ್ನು ಹೇಳಲೇಬೇಕು, ನಾನೂ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಅದನ್ನೇ ಅಳತೆಗೋಲು ಮಾಡಿದರೆ ನಿಧಾನವಾಗಿ ಯೋಚಿಸುವ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. 433 ತೆಗೆದುಕೊಂಡ ಹುಡುಗಿ ಎಲ್ಲರಿಗಿಂತ ಕೊನೆಗೆ ಲೆಕ್ಕ ಮುಗಿಸಿದವಳು.

5. ಇದು ನಮ್ಮ ಮಣ್ಣಿನದೂ ಹೌದು ಎಂದು ತಿಳಿಸಿ

ಕ್ರಿ.ಶ. 850ರ ಸುಮಾರಿಗೆ, ಮಳಖೇಡದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರ ಸಂಗ್ರಹ' ಬರೆದ. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಗುಣಲಬ್ಧಗಳು ಅದರಲ್ಲಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಕಲಬುರಗಿ ಜಿಲ್ಲೆಯ ಆ ಊರನ್ನು ನಕ್ಷೆಯಲ್ಲಿ ತೋರಿಸಿ, ಆಮೇಲೆ ಗುಣಾಕಾರ ಮಾಡಿಸಿ. ಮಕ್ಕಳು ಉತ್ತರ ಬರುವವರೆಗೆ ಪೆನ್ಸಿಲ್ ಕೆಳಗಿಡುವುದಿಲ್ಲ.

6. ಉತ್ತರವನ್ನು ನೀವೇ ಹೇಳಿಬಿಡಬೇಡಿ

ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ 1949ರಲ್ಲಿ ಒಂದು ಸಂಗತಿ ಹೊರಗೆಡವಿದರು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ. ಅದರ ಅಂಕಿಗಳಿಂದಾಗುವ ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತಾ ಹೋಗಿ. 3524 ಆದರೆ 5432ರಿಂದ 2345 ಕಳೆದು 3087, ಆಮೇಲೆ 8352, ಆಮೇಲೆ 6174. ಅಲ್ಲಿಂದ ಮುಂದೆ ಎಷ್ಟು ಸಲ ಮಾಡಿದರೂ 6174. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ ಅಲ್ಲಿಗೇ ಬರುತ್ತೀರಿ. ಕಾಗದ, ಪೆನ್ಸಿಲ್, ಕಳೆಯುವ ಲೆಕ್ಕ ಇಷ್ಟೇ ಸಾಮಗ್ರಿ. ನಮ್ಮ ಹಳ್ಳಿ ಶಾಲೆಗಳಲ್ಲಿ ಇವು ಮೂರೂ ಇವೆ.

ಮೂರಂಕಿಗೆ ಮಾಡಿದರೆ 495ರಲ್ಲಿ ನಿಲ್ಲುತ್ತದೆ. ಎರಡಂಕಿಗೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. 9 ಬಂದಾಗ 09 ಎಂದು ಸೊನ್ನೆ ಉಳಿಸಿಕೊಂಡು, ಮನೆಯ ಮಕ್ಕಳ ಜೊತೆ ಕೂತು ಇವತ್ತೇ ಮಾಡಿ ನೋಡಿ. ನಿಮಗೆ ಮೊದಲೇ ಗೊತ್ತಾದರೂ ಸುಮ್ಮನಿರಿ, ಅವರೇ ಹೇಳಲಿ.