ಪಲಟಿನೊ: ಲೇಖನಿಯ ನೆನಪುಳ್ಳ ಅಚ್ಚಕ್ಷರ

ಅಚ್ಚಾದ ಪುಟವನ್ನು ಓದುವಾಗ ನಾವು ಅರ್ಥವನ್ನು ಗ್ರಹಿಸುತ್ತೇವೆಯೇ ಹೊರತು ಅಕ್ಷರದ ಆಕಾರವನ್ನು ಗಮನಿಸುವುದು ವಿರಳ. ಆದರೂ ಕಣ್ಣು ದಣಿಯದೆ ಓದು ಸಾಗಬೇಕಾದರೆ ಆ ಆಕಾರವನ್ನು ಯಾರೋ ಒಬ್ಬರು ಬಹುವಾಗಿ ಚಿಂತಿಸಿ ರೂಪಿಸಿರಬೇಕು. ರೋಮನ್ ಲಿಪಿಯಲ್ಲಿ ಅಂತಹ ಚಿಂತನೆಯಿಂದ ಮೂಡಿದ ಅಚ್ಚಕ್ಷರಗಳಲ್ಲಿ ‘ಪಲಟಿನೊ’ ಒಂದು.

ಇದರ ಕರ್ತೃ ಹರ್ಮನ್ ಜಾಪ್ಫ್ (1918–2015) ಜರ್ಮನಿಯ ನ್ಯೂರೆಂಬರ್ಗಿನವರು. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಕಾರ್ಮಿಕ ಸಂಘದವರಾದ ಅವರ ತಂದೆ ಕೆಲಸ ಕಳೆದುಕೊಂಡರು. ಮಗನ ಎಂಜಿನಿಯರಾಗುವ ಆಸೆಯೂ ಅಲ್ಲಿಗೆ ಮುಗಿಯಿತು. ಚಿತ್ರ ತಿದ್ದುವ ಕೆಲಸ ಕಲಿಯಲು ಸೇರಿದ ಆ ಹುಡುಗ 1935ರಲ್ಲಿ ಅಕ್ಷರಶಿಲ್ಪಿ ರುಡಾಲ್ಫ್ ಕೋಖರ ಕೃತಿಗಳ ಪ್ರದರ್ಶನವನ್ನು ಕಂಡು, ಕೋಖ್ ಮತ್ತು ಎಡ್ವರ್ಡ್ ಜಾನ್‌ಸ್ಟನ್ ಅವರ ಪುಸ್ತಕಗಳನ್ನೇ ಗುರುವಾಗಿಸಿಕೊಂಡು ಮನೆಯಲ್ಲಿ ಕೈಬರಹವನ್ನು ಸಾಧಿಸಿದನು. ಅಧ್ಯಾಪಕರಾದವರು ಇದನ್ನು ಮನಸ್ಸಿಟ್ಟು ಗಮನಿಸಬೇಕು.

ಫ್ರಾಂಕ್‌ಫರ್ಟಿನ ಸ್ಟೆಂಪೆಲ್ ಅಚ್ಚುಮೊಳೆ ಕಾರ್ಖಾನೆಯು 1950ರಲ್ಲಿ ಪಲಟಿನೊವನ್ನು ಹೊರತಂದಿತು. ಜಾಪ್ಫರ ರೇಖೆಗಳನ್ನು ಲೋಹಕ್ಕಿಳಿಸಿದವರು ಆಗಸ್ಟ್ ರೋಸೆನ್‌ಬರ್ಗರ್. ಹದಿನಾರನೆಯ ಶತಮಾನದ ಇಟಲಿಯ ಲಿಪಿಕಾರ ಜಾಂಬಾಟಿಸ್ಟಾ ಪಲಟಿನೊನ ಹೆಸರು ಇದಕ್ಕೆ ಬಂದಿತು.

ಅಗಲ ಮೊನೆಯ ಲೇಖನಿಯನ್ನು ಒಂದೇ ಓರೆಯಲ್ಲಿ ಹಿಡಿದು ಬರೆದರೆ, ಕೈ ತಿರುಗಿದಂತೆಲ್ಲ ಗೆರೆಯು ತಾನಾಗಿ ದಪ್ಪವೂ ತೆಳುವೂ ಆಗುತ್ತದೆ. ಪಲಟಿನೊದ ಜೀವಾಳ ಇದೇ. ಗೆರೆಯ ತುದಿಯಲ್ಲಿ ಚಾಚುವ ಸೆರಿಫ್ ಎಂಬ ಕಿರುಗೆರೆಗಳೂ ಅಳತೆಪಟ್ಟಿ ಇಟ್ಟು ಎಳೆದಂತಿರದೆ, ಲೇಖನಿಯನ್ನು ಎತ್ತಿದ ಗುರುತಿನಂತಿವೆ. ದೊಡ್ಡ ‘ಪಿ’ ಅಕ್ಷರದ ಹೊಟ್ಟೆಯು ಕಂಬವನ್ನು ಕೆಳಗೆ ಮುಟ್ಟದೆ ತೆರೆದೇ ಉಳಿಯುತ್ತದೆ. ನಮ್ಮ ಓಲೆಗರಿಯ ಬರಹವು ಇದಕ್ಕೆ ತೀರ ಭಿನ್ನ: ಕಂಠದ ಚೂಪುಮೊನೆಯು ಕೊರೆದ ಗೆರೆಗೆ ದಪ್ಪ-ತೆಳುವಿನ ಭೇದ ಹೆಚ್ಚಿಲ್ಲ, ಮಸಿ ಆಮೇಲೆ ತುಂಬುವಂಥದು. ಬರೆಯುವ ಸಾಧನವು ಲಿಪಿಯ ಸ್ವಭಾವವನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಈ ಎರಡನ್ನೂ ತರಗತಿಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಬಹುದು.

ಯುದ್ಧಾನಂತರದ ಜರ್ಮನಿಯಲ್ಲಿ ದೊರೆಯುತ್ತಿದ್ದುದು ಕೀಳುದರ್ಜೆಯ ಕಾಗದ. ಅದರ ಮೇಲೂ ಮಸುಕಾಗದಿರಲೆಂದು ಜಾಪ್ಫರು ಗೆರೆಗಳಿಗೆ ಬಲವಿತ್ತು, ಒಳಬಯಲನ್ನು ಹಿಗ್ಗಿಸಿದರು. ಅಂದವೆಂದು ನಾವು ಮೆಚ್ಚುವ ಈ ವೈಶಾಲ್ಯದ ಹಿಂದೆ ಬಡತನದ ಲೆಕ್ಕಾಚಾರವಿದೆ.

ಕೀರ್ತಿಯೊಡನೆ ಅನುಕರಣೆಯೂ ಬಂದಿತು. ಅಕ್ಷರದ ಆಕಾರಕ್ಕೆ ಅನೇಕ ದೇಶಗಳಲ್ಲಿ ಕಾನೂನಿನ ರಕ್ಷಣೆ ಅತ್ಯಲ್ಪ. ಅನುಮತಿಯಿಲ್ಲದ ನಕಲುಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಅಚ್ಚಕ್ಷರ ಸಂಘವು ದೃಢವಾಗಿ ನಿಲ್ಲಲಿಲ್ಲವೆಂದು ನೊಂದು ಜಾಪ್ಫರು 1993ರಲ್ಲಿ ಅದನ್ನು ತೊರೆದರು. ಪರರ ಕವಿತೆಯನ್ನು ತನ್ನದೆನ್ನುವವನನ್ನು ಕಳ್ಳನೆನ್ನುವ ನಾವು ಪರರ ಅಕ್ಷರವನ್ನು ಕದ್ದವನನ್ನು ಏನೂ ಅನ್ನುವುದಿಲ್ಲ!

ಇನ್ನು ಬಳಕೆ. ಶೀರ್ಷಿಕೆ, ಪ್ರಶಸ್ತಿಪತ್ರ, ಆಮಂತ್ರಣ, ಬಿಡುಬೀಸಾಗಿ ಅಚ್ಚಾಗುವ ಕವಿತೆ ಇವುಗಳಿಗೆ ಪಲಟಿನೊ ಒಪ್ಪುತ್ತದೆ. ಆದರೆ ಅಗಲವಾದ ಅಕ್ಷರವಾದುದರಿಂದ ಟೈಮ್ಸ್‌ಗಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ದೀರ್ಘ ವರದಿಯನ್ನು ಇದರಲ್ಲಿ ಜೋಡಿಸಿದರೆ ಪುಟಗಳೂ ಕಾಗದದ ಖರ್ಚೂ ಏರುತ್ತವೆ. ಜಾಪ್ಫರೇ ಪುಸ್ತಕದ ಒಡಲಿಗೆಂದು 1954ರಲ್ಲಿ ‘ಆಲ್ಡಸ್’ ಎಂಬ ಹಗುರವಾದ, ತುಸು ಇಕ್ಕಟ್ಟಾದ ಸೋದರಾಕ್ಷರವನ್ನು ರಚಿಸಿಕೊಟ್ಟರು.