ಆರು ವರ್ಷದ ಲೆಕ್ಕ

ಹತ್ತನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಪಿಯು ಕಾಲೇಜುಗಳ ಫೋನು ಶುರು. ಯಾವ ಕಾಲೇಜು, ಯಾವ ಕಾಂಬಿನೇಷನ್, ಹಾಸ್ಟೆಲ್ ಹೇಗಿದೆ, ರಿಯಾಯಿತಿ ಎಷ್ಟು. ಮಾತೆಲ್ಲ ಎರಡು ವರ್ಷದ್ದು. ನನ್ನ ತಕರಾರು ಅಲ್ಲೇ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ದುಡಿಯುವ ಹಂತಕ್ಕೆ ಬರಲು ಐದಾರು ವರ್ಷ ಬೇಕು. ಮನೆಯ ಉಳಿತಾಯವನ್ನೆಲ್ಲ ಮೊದಲ ಎರಡು ವರ್ಷಕ್ಕೇ ಸುರಿದರೆ ಪದವಿಯ ನಾಲ್ಕು ವರ್ಷಕ್ಕೆ ಸಾಲವೇ ಗತಿ.

ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದವಳು ನಾನು. ಸಿಇಟಿ ಕೌನ್ಸೆಲಿಂಗ್ ಸಮಯದಲ್ಲಿ ಸೀಟು ಹಂಚಿಕೆಯ ಪ್ರಿಂಟ್ ಹಿಡಿದು ಅಪ್ಪ ಅಮ್ಮ ಓಡಿ ಬರುತ್ತಿದ್ದರು. ಶುಲ್ಕ ಕಟ್ಟಲು ಉಳಿದಿರುತ್ತಿದ್ದುದು ಕೆಲವೇ ದಿನ. ಶಿಕ್ಷಣ ಸಾಲದ ಕಾಗದಪತ್ರ ಅಷ್ಟರೊಳಗೆ ಮುಗಿಯುವುದು ಕಷ್ಟ. ಪಕ್ಕದ ಕೌಂಟರಿನಲ್ಲಿ ಅಮ್ಮನ ಬಳೆ ಅಡವಿಗೆ ಹೋಗುತ್ತಿತ್ತು. ‘ಕೂಡಿಟ್ಟದ್ದು ಏನೂ ಇರಲಿಲ್ಲವಾ?’ ಎಂದು ಕೇಳಿದರೆ ಎಷ್ಟೋ ಮಂದಿಯದು ಒಂದೇ ಉತ್ತರ: ‘ಇತ್ತು ಮೇಡಂ, ಪಿಯುಸಿಗೇ ಆಗೋಯ್ತು.’

ಈ ಸಲ ಆ ಸರದಿ ನನ್ನ ತಮ್ಮನ ಮನೆಯದು. ತಿಪಟೂರಿನ ಹತ್ತಿರ ಅವನಿಗೆ ತೆಂಗಿನ ತೋಟವಿದೆ. ಅಟ್ಟಕ್ಕೆ ಏರಿಸಿದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಮಾರುಕಟ್ಟೆಗೆ ಹಾಕಿದಾಗ ಒಮ್ಮೆಗೇ ದುಡ್ಡು, ಆಮೇಲೆ ತಿಂಗಳುಗಟ್ಟಲೆ ಕೈ ಖಾಲಿ. ಶುಲ್ಕ ಮಾತ್ರ ಕೊಬ್ಬರಿ ದರ ನೋಡಿಕೊಂಡು ಬರುವುದಿಲ್ಲ. ಒಂದು ವಸತಿ ಕಾಲೇಜಿನವರು ನೀಟ್, ಜೆಇಇ ತರಬೇತಿ ಸೇರಿಸಿ ಎರಡು ವರ್ಷಕ್ಕೆ ನಾಲ್ಕೂವರೆ ಲಕ್ಷ ಹೇಳಿದ್ದರು. ‘ಅಕ್ಕ, ಮಗಳ ಸುಕನ್ಯಾ ಖಾತೆ ಇದೆಯಲ್ಲ, ಅದರಿಂದ ತೆಗೀತೀನಿ’ ಅಂದ.

ತೆಗೆಯಲು ನಿಯಮದಲ್ಲಿ ಅವಕಾಶವಿದೆ. ಹೆಣ್ಣುಮಗು ಹತ್ತನೇ ತರಗತಿ ಪಾಸಾದ ಮೇಲೆ, ಇಲ್ಲವೇ 18 ತುಂಬಿದ ಮೇಲೆ, ಹಿಂದಿನ ಹಣಕಾಸು ವರ್ಷದ ಕೊನೆಗೆ ಇದ್ದ ಮೊತ್ತದ ಅರ್ಧದವರೆಗೆ ಓದಿಗಾಗಿ ಪಡೆಯಬಹುದು. ಶುಲ್ಕದ ದಾಖಲೆ ಕೊಡಬೇಕು. 2015ರಲ್ಲಿ ಯೋಜನೆ ಬಂದ ವರ್ಷವೇ ತೆರೆದ ಖಾತೆ ಅದು. ತಿಂಗಳಿಗೆ 2,000 ರೂಪಾಯಿಯಂತೆ ಕಟ್ಟುತ್ತ ಬಂದದ್ದು ಬಡ್ಡಿ ಸೇರಿ ಮೂರೂಮುಕ್ಕಾಲು ಲಕ್ಷದ ಹತ್ತಿರ ಬಂದಿದೆ. ಅದರಲ್ಲಿ ಅರ್ಧ ತೆಗೆದರೂ ಆ ಕಾಲೇಜಿನ ಒಂದು ವರ್ಷಕ್ಕೆ ಸಾಲದು. ಹತ್ತು ವರ್ಷ ಬೆಳೆದ ಹಣವನ್ನು ಒಂದೇ ವರ್ಷದ ತರಬೇತಿಗೆ ಕೊಡಬೇಡ ಅಂದೆ.

ಮಗಳನ್ನೂ ಕೂರಿಸಿಕೊಂಡು ಲೆಕ್ಕ ಹಾಕೋಣ ಎಂದಾಗ ತಮ್ಮ ಒಪ್ಪಲಿಲ್ಲ. ‘ಅವಳ ಮುಂದೆ ದುಡ್ಡಿನ ಮಾತು ಯಾಕೆ, ಹೆದರಿಕೊಳ್ತಾಳೆ.’ ಹದಿನೈದು ವರ್ಷದ ಮಕ್ಕಳಿಗೆ ಮನೆಯ ಕಷ್ಟ ಗೊತ್ತಿರುತ್ತದೆ. ಎಷ್ಟು ಕಷ್ಟ ಎಂಬುದು ಗೊತ್ತಿಲ್ಲದಿದ್ದಾಗಲೇ ಹೆದರಿಕೆ ಹೆಚ್ಚು. ಕೊನೆಗೆ ಅವಳೇ ನೋಟ್‌ಬುಕ್ಕಿನಲ್ಲಿ ಆರು ಕಾಲಂ ಗೀಚಿದಳು, ವರ್ಷಕ್ಕೊಂದು. ನಾವಿಬ್ಬರೂ ಶುಲ್ಕ, ಹಾಸ್ಟೆಲ್ ಅಂತ ಬರೆಸಿದೆವು. ಅವಳು ಸೇರಿಸಿದ್ದು ಬಸ್ ಪಾಸು, ರೆಕಾರ್ಡ್ ಪುಸ್ತಕ, ಹಬ್ಬಕ್ಕೆ ಊರಿಗೆ ಬರುವ ಖರ್ಚು, ಮೂರನೇ ಕಾಲಮ್ಮಿಗೆ ಒಂದು ಲ್ಯಾಪ್‌ಟಾಪ್. ಆಮೇಲೆ ಕೇಳಿದಳು: ‘ಅತ್ತೆ, ಡಿಪ್ಲೊಮಾ ಮಾಡಿದ್ರೂ ಇಂಜಿನಿಯರಿಂಗ್‌ಗೆ ಹೋಗಬಹುದಂತಲ್ಲ?’

ಒಳ್ಳೆಯ ಪ್ರಶ್ನೆ. ಪಿಯುಸಿ ಎರಡು, ಬಿಇ ನಾಲ್ಕು: ಒಟ್ಟು ಆರು. ಪಾಲಿಟೆಕ್ನಿಕ್ ಮೂರು, ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಿ ಮೂರು: ಅದೂ ಆರೇ. ಅರ್ಧದಾರಿಯಲ್ಲಿ ಮನೆಗೆ ಕಷ್ಟ ಬಂದರೆ ಡಿಪ್ಲೊಮಾದವರ ಕೈಯಲ್ಲಿ ಕೆಲಸ ಕೊಡುವ ಒಂದು ಸರ್ಟಿಫಿಕೇಟ್ ಇರುತ್ತದೆ. ಇಂಜಿನಿಯರಿಂಗೇ ಎಂದು ಮನಸ್ಸು ಮಾಡಿದ ಮಗುವಿಗೆ ಸರ್ಕಾರಿ ಪಾಲಿಟೆಕ್ನಿಕ್ ಬಹಳ ಒಳ್ಳೆಯ ದಾರಿ, ಅದನ್ನು ಕಡಿಮೆಯವರ ಓದು ಎಂಬಂತೆ ಕಾಣುವುದು ನನಗೆ ನೋವು ತರುತ್ತದೆ. ಆದರೆ ಇವಳಿಗೆ ಬಿಎಸ್ಸಿ ಕೃಷಿಯ ಮೇಲೂ ಆಸೆ. ಅಲ್ಲಿ ರೈತರ ಮಕ್ಕಳಿಗೆ ಮೀಸಲು ಸೀಟುಗಳಿವೆ, ಕೃಷಿಯ ಪ್ರಾಯೋಗಿಕ ಪರೀಕ್ಷೆಯೂ ಇದೆ. ತೋಟದಲ್ಲೇ ಬೆಳೆದವಳಿಗೆ ಅದು ಅನುಕೂಲ. ಡಿಪ್ಲೊಮಾಗೆ ಹೋದರೆ ಆ ಬಾಗಿಲು ಮುಚ್ಚುತ್ತದೆ. ಪಿಸಿಎಂಬಿ ತೆಗೆದುಕೊಂಡರೆ ಎರಡೂ ತೆರೆದಿರುತ್ತವೆ.

ಸಾಲವೇ ಬೇಡ ಎಂದು ನಾನು ಹೇಳುವುದಿಲ್ಲ. ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಶಿಕ್ಷಣ ಸಾಲ ಸಿಗುವ ವ್ಯವಸ್ಥೆ ಇದೆ. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಕೋರ್ಸೂ ಕಾಲೇಜೂ ನಿಯಮಕ್ಕೆ ಹೊಂದಿದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಆ ಸೌಲಭ್ಯ ಸಿಗದವರು ಬಡ್ಡಿಯನ್ನು ಅಂದಂದಿಗೇ ಕಟ್ಟಿಬಿಡಬೇಕು. ವರ್ಷಕ್ಕೊಂದು ಲಕ್ಷದಂತೆ ನಾಲ್ಕು ಲಕ್ಷ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಮೊದಲ ವರ್ಷ ತಿಂಗಳ ಬಡ್ಡಿ ಎಂಟುನೂರು ಚಿಲ್ಲರೆ. ಕಟ್ಟದೆ ಬಿಟ್ಟರೆ, ಓದು ಮುಗಿದು ಇನ್ನೊಂದು ವರ್ಷ ಕಳೆಯುವಾಗ ಸಾಲ ಐದು ಲಕ್ಷ ನಲವತ್ತು ಸಾವಿರ ಆಗಿರುತ್ತದೆ. ಐದು ವರ್ಷದ ತಿಂಗಳ ಕಂತು 8,500 ಇರಬೇಕಾದದ್ದು 11,500ರ ಹತ್ತಿರ ಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಆ ಮೂರು ಸಾವಿರ ಬಹಳ ದೊಡ್ಡದು.

ಹಣದಷ್ಟೇ ಬೆಲೆಯ ಕಾಗದಗಳೂ ಇವೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಇವಳು ಎರಡಕ್ಕೂ ಅರ್ಹಳು. ಸರ್ಕಾರಿ ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಶುಲ್ಕದಲ್ಲಿ ಲಕ್ಷಗಳ ಅಂತರ ಇರುವಾಗ ಈ ಎರಡು ಪ್ರಮಾಣಪತ್ರ ಸಣ್ಣ ವಿಷಯವಲ್ಲ. ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಎಲ್ಲವನ್ನೂ ಮಗು ಇನ್ನೂ ಆ ಶಾಲೆಯಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಸುಲಭ.

ಸದ್ಯದ ತೀರ್ಮಾನ: ತಿಪಟೂರಿನಲ್ಲೇ ಸರ್ಕಾರಿ ಪಿಯು ಕಾಲೇಜು, ಪಿಸಿಎಂಬಿ, ಗಣಿತಕ್ಕೆ ಸಂಜೆ ಟ್ಯೂಷನ್. ಸುಕನ್ಯಾ ಖಾತೆಯನ್ನು ಪದವಿ ಶುರುವಾಗುವವರೆಗೆ ಮುಟ್ಟುವುದಿಲ್ಲ. ಈ ಸಲದ ಕೊಬ್ಬರಿ ದುಡ್ಡಿನಲ್ಲಿ ಒಂದು ಪಾಲು ಅಂಚೆ ಕಚೇರಿಯಲ್ಲಿ ಎರಡು, ಮೂರು, ಐದು ವರ್ಷದ ಠೇವಣಿಗಳಾಗಿ ಹೋಗುತ್ತದೆ, ಒಂದೊಂದೂ ಶುಲ್ಕ ಕಟ್ಟುವ ತಿಂಗಳಿಗೆ ಮುಂಚೆ ಕೈಗೆ ಬರುವ ಹಾಗೆ. ಬಿಇಒ ಕಚೇರಿಗೆ ಹೋಗುವ ಕೆಲಸ ತಮ್ಮನದು. ಗಣಿತದಲ್ಲಿ ಈಗ ಬರುತ್ತಿರುವ ಅರವತ್ತನ್ನು ಪರೀಕ್ಷೆ ಹೊತ್ತಿಗೆ ಎಂಬತ್ತರ ಹತ್ತಿರ ತರುವುದು ಅವಳದು.