ಗೆದ್ದಲು ತಿನ್ನದ ಪಾರ್ಟಿಕಲ್ ಬೋರ್ಡ್

ಹುಮನಾಬಾದ್ ಕಡೆಯ ಹಳೆಯ ಮನೆಯೊಂದರ ಸಾಗವಾನಿ ಬಾಗಿಲನ್ನು ಗಮನಿಸಿ: ಅಂಚಿನ ಬಿಳಿ ಪಟ್ಟಿಯನ್ನು ಗೆದ್ದಲು ತಿಂದಿರುತ್ತದೆ, ಒಳಗಿನ ಕಂದು ಚೇಗು ಗಟ್ಟಿಯಾಗೇ ಇರುತ್ತದೆ. ಸಾಗವಾನಿ ಚೇಗಿನಲ್ಲಿರುವ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕ ಗೆದ್ದಲನ್ನು ದೂರವಿಡುತ್ತದೆ. ಈ ಗುಣವನ್ನು ಪಾರ್ಟಿಕಲ್ ಬೋರ್ಡ್‌ಗೂ ತರಬಹುದು.

ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರಿಗೆ ಅಂಟು (ಸಾಮಾನ್ಯವಾಗಿ ಯೂರಿಯಾ ಫಾರ್ಮಾಲ್ಡಿಹೈಡ್) ಬೆರೆಸಿ, ಬಿಸಿ ಮಾಡಿ ಒತ್ತಿದ ಹಲಗೆ. ಭಾರತೀಯ ಮಾನಕ: ಐಎಸ್ 3087. ತೇವ ತಗುಲಿದರೆ ಈ ಹಲಗೆ ಉಬ್ಬುತ್ತದೆ, ಶಿಲೀಂಧ್ರ ಹಿಡಿಯುತ್ತದೆ. ಬಾಳಿಕೆಯ ಮರದ ಚೇಗಿನ ಚೂರನ್ನು ಬೆರೆಸಿದರೆ ವಿಷದ ಔಷಧಿಯಿಲ್ಲದೆ ರಕ್ಷಣೆ ಹೆಚ್ಚುತ್ತದೆ. ಅಮೆರಿಕದಲ್ಲಿ ಕೆಂಪು ಸೀಡರ್ ಮರದಿಂದ ಇಂಥ ಪ್ರಯೋಗ ನಡೆದಿದೆ. ಆದರೆ ಗೆದ್ದಲನ್ನು ದೂರವಿಡುವ ಚೇಗಿನ ರಾಸಾಯನಿಕಗಳೇ ಕೆಲವೊಮ್ಮೆ ಅಂಟು ಗಟ್ಟಿಯಾಗುವುದಕ್ಕೆ ಅಡ್ಡಿಯಾಗುತ್ತವೆ. ಇಡೀ ತಂತ್ರದ ನಿಜವಾದ ತೊಡಕು ಇದೇ.

ಯಾವ ಮರ ಎಷ್ಟು ಬಾಳುತ್ತದೆ? ಭಾರತೀಯ ಮಾನಕ ಐಎಸ್ 401 ಪ್ರಕಾರ ಮರಗಳ ನೈಸರ್ಗಿಕ ಬಾಳಿಕೆ: 120 ತಿಂಗಳು ಅಥವಾ ಹೆಚ್ಚು ಒಂದನೇ ವರ್ಗ (ಸಾಗವಾನಿ), 60 ಅಥವಾ ಹೆಚ್ಚು ಆದರೆ 120ಕ್ಕಿಂತ ಕಡಿಮೆ ಎರಡನೇ ವರ್ಗ, 60ಕ್ಕಿಂತ ಕಡಿಮೆ ಮೂರನೇ ವರ್ಗ (ಮಾವು). ಕರ್ನಾಟಕದಲ್ಲಿ ಮರದ ಸಂಶೋಧನೆ ನಡೆಸುವುದು ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಬಡಗಿ ಉಜ್ಜುಗೊರಡಿನಿಂದ ತೆಗೆದು ಒಲೆಗೆ ಹಾಕುವ ಸಾಗವಾನಿ ಸಿಪ್ಪೆಯೂ ಇಂಥ ಪಾರ್ಟಿಕಲ್ ಬೋರ್ಡ್‌ಗೆ ಕಚ್ಚಾವಸ್ತುವಾಗಬಲ್ಲದು.